ಉಣ್ಣೆ ಕುಡಿದ ನೀರು

ಭೂಮಿಯ ದಕ್ಷಿಣ ಭಾಗದ ಆ ದೇಶದಲ್ಲಿ ಜನವರಿ ಅಂದರೆ ಸುಡುಬೇಸಿಗೆ. ಸೂರ್ಯ ಇನ್ನೂ ಸಮುದ್ರದಲ್ಲಿ ಮುಖ ತೊಳೆಯುತ್ತಿದ್ದ ಹೊತ್ತು. ಗ್ಯಾನೆಟ್ ಪಾಯಿಂಟ್‌ನಲ್ಲಿ, ಕಡಲಂಚಿನ ಬಂಡೆ ಕಡಿದು ಮಾಡಿದ ಈಜುಕೊಳದ ಮೆಟ್ಟಿಲ ಬಳಿ ಡಲ್ಸಿ ಮುದುಕಿ ಹನಾನಳ ತೋಳು ಹಿಡಿದು ನಿಂತಿದ್ದಳು. ಸೊಂಟ ಮುರಿದಾಗಿನಿಂದ ಆ ಪಾಚಿಗಟ್ಟಿದ ಮೆಟ್ಟಿಲು ಅವಳೊಬ್ಬಳಿಗೆ ಆಗುತ್ತಿರಲಿಲ್ಲ. ಬೇಕರಿಯವರ ಸೊಸೆ ಹನಾನ್ ತೋಳು ಕೊಟ್ಟರೆ ಸಮುದ್ರ, ಇಲ್ಲವಾದರೆ ಮನೆಯ ಕಿಟಕಿ.

"ನಿಲ್ಲಿ, ನಿಲ್ಲಿ!" ಎನ್ನುತ್ತ ಕೊಳದ ಸಂಘದ ಅಧ್ಯಕ್ಷ ನೆವಿಲ್ ಓಡಿಬಂದ. ಹನಾನ್ ತೊಟ್ಟಿದ್ದು ಕೊರಳಿಂದ ಕಣಕಾಲಿನವರೆಗೆ ಮುಚ್ಚುವ ಈಜುಡುಗೆ, ಮೇಲೊಂದು ಸಡಿಲ ಅಂಗಿ, ತಲೆಗೆ ಟೊಪ್ಪಿ. "ಹೊಸ ನಿಯಮ ಬಂದಿದೆ ಕಣಮ್ಮ. ಸಡಿಲ ಬಟ್ಟೇಲಿ ನೀರಿಗಿಳಿಯೋ ಹಾಗಿಲ್ಲ. ನೋಡೋರಿಗೆ ಮುಜುಗರ ಆಗುತ್ತೆ."

"ಮೀನುಗಳು ಬಂದು ದೂರು ಕೊಟ್ವಾ?" ಎಂದಳು ಡಲ್ಸಿ.

"ನೀವು ಸುಮ್ನಿರಿ ಡಲ್ಸಿ. ಶನಿವಾರ ನಮ್ಮ ಈಜುಡುಗೆ ಪ್ರದರ್ಶನಕ್ಕೆ ರಿಬ್ಬನ್ ಕತ್ತರಿಸೋರು ನೀವೇ."

ಆ ರಿಬ್ಬನ್ನಿನ ಕಥೆ ಇಷ್ಟೇ. ಹರೆಯದಲ್ಲಿ ಡಲ್ಸಿ ಎರಡು ತುಂಡಿನ ಈಜುಡುಗೆ ಹೊಲಿದುಕೊಂಡು ಇದೇ ಕೊಳಕ್ಕೆ ಬಂದಿದ್ದಳು. ಆಗ ಇಲ್ಲಿ ಈಜುಡುಗೆ ತಪಾಸಣೆಯ ಇನ್ಸ್‌ಪೆಕ್ಟರ್ ಆಗಿದ್ದವನು ನೆವಿಲನ ಅಪ್ಪ. ಕೊರಳಿಗೆ ಟೇಪು ನೇತುಹಾಕಿಕೊಂಡು, ಹೆಂಗಸರ ತೊಡೆಯ ಮೇಲೆ ದೇಶದ ಮಾನ ಅಳೆಯುತ್ತಿದ್ದ ಪುಣ್ಯಾತ್ಮ. ಊರೆಲ್ಲ ನೋಡುತ್ತಿದ್ದಂತೆ ಅವಳ ರಟ್ಟೆ ಹಿಡಿದು ಆಚೆ ಅಟ್ಟಿದ್ದ. ಈಗ ಆ ಅವಮಾನವೇ ಊರಿನ ಹೆಮ್ಮೆಯಾಗಿತ್ತು. ಅವಳ ಅಂದಿನ ಫೋಟೋ ಕೊಳದ ಬಾಗಿಲಲ್ಲೇ ತೂಗುತ್ತಿತ್ತು.

ಶನಿವಾರ ಕೊಳದ ದಂಡೆಯ ಮೇಲೆ ಆಳೆತ್ತರದ ಗೊಂಬೆಗಳ ಸಾಲು ನಿಂತಿತು. ಮೊದಲನೆಯದಕ್ಕೆ ಡಲ್ಸಿಯ ತಾಯಿ ಹೆಣೆದ ಕಪ್ಪು ಉಣ್ಣೆಯ ಉಡುಗೆ, ಮೊಣಕಾಲವರೆಗೆ. ಮುಂದಿನವುಗಳಲ್ಲಿ ತೋಳು ಹೋಯಿತು, ಬೆನ್ನು ಹೋಯಿತು, ಹೊಟ್ಟೆ ಹೋಯಿತು. ನೈಲಾನ್ ಬಂತು, ಲೈಕ್ರಾ ಬಂತು. ಕೊನೆಯ ಗೊಂಬೆಗೆ ದಾರ ಮಾತ್ರ ಉಳಿದಿತ್ತು. ಬಟ್ಟೆ ಒಂದು ಗೇಣು ಇಳಿದಾಗಲೆಲ್ಲ ಬೆಲೆ ಒಂದು ಮಾರು ಏರಿತ್ತು. ನೆವಿಲನ ಅಪ್ಪನ ಟೇಪು ಗಾಜಿನ ಪೆಟ್ಟಿಗೆಯಲ್ಲಿತ್ತು, ಯಾವನೋ ಸಂತನ ಎಲುಬಿನ ಹಾಗೆ.

"ಹೆಂಗಸರು ಏನು ತೊಡಬೇಕು ಅಂತ ಗಂಡಸರು ಹೇಳೋ ಕಾಲ ಹೋಯ್ತು!" ಎಂದು ನೆವಿಲ್ ಭಾಷಣ ಮಾಡಿದ. ಜನ ಕೇಕು ಮೆಲ್ಲುತ್ತಲೇ ಚಪ್ಪಾಳೆ ತಟ್ಟಿದರು. ಹನಾನ್ ತನ್ನ ಅದೇ ಈಜುಡುಗೆಯಲ್ಲಿ ಬೇಲಿಯ ಆಚೆ ನಿಂತಿದ್ದಳು.

ಡಲ್ಸಿ ಕತ್ತರಿ ಮುಟ್ಟಲಿಲ್ಲ. ಗೊಂಬೆಯ ಮೈಯಿಂದ ಅವ್ವನ ಉಡುಗೆ ಕಳಚಿ, ಬಟ್ಟೆ ಬದಲಿಸುವ ಕೋಣೆಗೆ ಹೋಗಿ ತೊಟ್ಟು ಬಂದಳು. ಮೆಟ್ಟಿಲ ಮೇಲೆ ಕೂತು, ಒಂದೊಂದೇ ಜಾರುತ್ತ ನೀರಿಗಿಳಿದಳು. ಫೋಟೋ ತೆಗೆಯುವವರು ಮುಗಿಬಿದ್ದರು.

ಹಾಗೇ ಕೂತು ಕೂತು ಮೇಲೆ ಬಂದಾಗ ಉಣ್ಣೆ ಹೊಟ್ಟೆ ತುಂಬ ನೀರು ಕುಡಿದಿತ್ತು. ಮೊಣಕಾಲಲ್ಲಿದ್ದದ್ದು ಕಣಕಾಲಿಗೆ ಇಳಿದು, ಹಸುವಿನ ಕೆಚ್ಚಲಿನಂತೆ ಜೋಲಾಡುತ್ತಿತ್ತು.

"ಅಯ್ಯೋ, ಅದು ಹಳೇ ಕಾಲದ ವಸ್ತು ಡಲ್ಸಿ!" ಎಂದ ನೆವಿಲ್.

"ಸಡಿಲ ಇದೆಯೋ ಇಲ್ವೋ, ಹೇಳೋ. ಆ ಪೆಟ್ಟಿಗೆಯಿಂದ ಟೇಪು ತಗೊಂಡ್ಬಾ, ಅಳಿ. ನಿಮ್ಮಪ್ಪನ ಕಣ್ಣಿಗೆ ನನ್ನ ಬಟ್ಟೆ ಗಿಡ್ಡ ಆಗಿತ್ತು. ಈಗ ನಿನ್ನ ಕಣ್ಣಿಗೆ ಉದ್ದ ಆಗ್ಬೇಕಲ್ಲ!"

"ನಿಮ್ಮ ಮಾತೇ ಬೇರೆ. ನೀವು ನಮ್ಮ ಚರಿತ್ರೆ."

"ಹಾಗಾದ್ರೆ ಹನಾನಳನ್ನೂ ನೀರಿಗೆ ಬಿಡು."

ನೆವಿಲ್ ಕೆಮ್ಮಿದ. "ನಿಯಮ ಅಂದ್ರೆ ನಿಯಮ."

"ಥೂ! ಅದೇ ಗಂಟಲು ಕಣೋ, ಥೇಟ್ ನಿಮ್ಮಪ್ಪಂದೇ. ಟೇಪು ಪೆಟ್ಟಿಗೇಲಿಟ್ರೇನು, ನಿನ್ನ ಹೊಟ್ಟೇಲಿ ಇನ್ನೊಂದು ಸುತ್ತಿಟ್ಟಿದ್ದಾನೆ."

ಅವಳು ಬಾಗಿಲಿನಲ್ಲಿದ್ದ ತನ್ನ ಫೋಟೋವನ್ನು ಕೊಕ್ಕೆಯಿಂದ ಕಿತ್ತು ಕಂಕುಳಲ್ಲಿ ಇಟ್ಟುಕೊಂಡಳು. ಹೊರಗೆ ಹನಾನ್ ತೋಳು ಕೊಟ್ಟಳು. "ಎಲ್ಲಿಗಜ್ಜಿ? ಮನೆಗಾ?"

"ಮರಳ ದಂಡೆಗೆ ಕಣೆ."

"ಅಲ್ಲಿ ಅಲೆ ಜೋರು. ನಿಮಗೆ ಈಜೋಕಾಗಲ್ಲ."

"ಕೂತ್ಕೊಳ್ಳೋಕಾಗುತ್ತಲ್ಲ. ನೀನು ಈಜು. ನಾನು ಕಾಲು ನೆನೆಸ್ತೀನಿ. ಅಲ್ಲಿಗೆ ಬಾಗಿಲಿಲ್ಲ, ಅಧ್ಯಕ್ಷನೂ ಇಲ್ಲ."

ಹಿಂದೆ ಗೊಂಬೆ ಬೆತ್ತಲೆ ನಿಂತಿತ್ತು. ಅದರಿಂದ ಯಾರಿಗೂ ಮುಜುಗರವಾದಂತೆ ಕಾಣಲಿಲ್ಲ. ದಾರಿಯುದ್ದಕ್ಕೂ ಉಣ್ಣೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮದುವೆ, ಹೆರಿಗೆ, ಗಂಡನ ಸಾವು, ಯಾವುದಕ್ಕೂ ಬಿಡದಿದ್ದ ಕೊಳವನ್ನು ಡಲ್ಸಿ ಬಿಟ್ಟು ಹೋದದ್ದು ಆ ಶನಿವಾರ.