ನಾಲ್ಕು ಪುಟದ ಭಾಷಣ

ಮೈಕ್ ಸಿಕ್ಕರೆ ನಾನು ಬಿಡುವವನಲ್ಲ ಅಂತ ಚೆಂಬೂರಿನ ಪಕ್ಕದ ಸಯನ್‌ನ ನಮ್ಮ ಹೋಟೆಲಿನಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಹೊಟ್ಟೆಕಿಚ್ಚು! ಆದರೆ ಈ ಸಲದ ಭಾಷಣ ಚೆನ್ನಯಣ್ಣನ ಬೀಳ್ಕೊಡುಗೆಯದ್ದು. ಮೂವತ್ತು ವರ್ಷ ನಮ್ಮ ಅಡುಗೆಮನೆ ಆಳಿದವರು. ಮ್ಯಾನೇಜರನಾದ ನನ್ನ ಹತ್ತಿರ ಹನ್ನೊಂದು ವರ್ಷದಿಂದ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ.

ಕಾರಣ ನಾನೇ. ಮೇ ತಿಂಗಳ ಒಂದು ಮದುವೆ ಆರ್ಡರ್. ಇಡ್ಲಿ ಹಿಟ್ಟು ಉಬ್ಬಿದ ಕೂಡಲೇ ಫ್ರಿಜ್ಜಿಗೆ ಇಡಿಸು ಅಂತ ನನಗೆ ಹೇಳಿ ಅವರು ಮದುವೆಯ ಹಾಲ್‌ಗೆ ಹೋಗಿದ್ದರು. ನಾನು ಮರೆತೆ. ಬೆಳಿಗ್ಗೆ ಇಡ್ಲಿ ಬಾಯಿಗಿಡಲಾಗದಷ್ಟು ಹುಳಿ. ಧಣಿಗಳು ಮದುವೆ ಮನೆಯವರೆದುರೇ ಚೆನ್ನಯಣ್ಣನಿಗೆ ಬೈದರು. ಅವರು ಒಮ್ಮೆ ನನ್ನ ಮುಖ ನೋಡಿದರು. ನಾನು ತುಟಿ ಬಿಚ್ಚಲಿಲ್ಲ.

ಅವರು ಊರಿಗೆ ಹೊರಡುವ ಮೊದಲು ಕ್ಷಮೆ ಕೇಳಲೇಬೇಕೆಂದು ನಾಲ್ಕು ಪುಟ ಬರೆದೆ. ಎರಡೇ ನಿಮಿಷ ಅಂತ ಧಣಿಗಳ ಕಟ್ಟಪ್ಪಣೆ. ಕಡಿಮೆ ಮಾಡಲು ಮಗಳು ನಮಿತಾಳನ್ನು ಕೂರಿಸಿಕೊಂಡೆ. ಚೆಂಬೂರಿನಲ್ಲಿ ಹುಟ್ಟಿ ಬೆಳೆದವಳು, ಕನ್ನಡ ಅರ್ಧಂಬರ್ಧ. ನಾನು ಓದುತ್ತಾ ಹೋದೆ. 'ವಾಸ್ತವವಾಗಿ ಹೇಳುವುದಾದರೆ' ಅಂದರೆ ಎಂತ ಅಂತ ಕೇಳಿದಳು. ವಿವರಿಸಲು ಹೋದೆ, ಆಗಲಿಲ್ಲ. ಹೊಡೆದು ಹಾಕಿದೆ. 'ಪ್ರಸ್ತುತ ಸಂದರ್ಭದಲ್ಲಿ', 'ಸರ್ವರಿಗೂ ತಿಳಿದಿರುವಂತೆ', ಎಲ್ಲ ಹೋಯಿತು. ಎಂಥೆಂಥ ಚಂದದ ಮಾತುಗಳು ಮಾರಾಯ್ರೆ! ಹೊಟ್ಟೆ ಉರಿಯಿತು.

ಕೊನೆಯ ಪುಟದಲ್ಲಿ ಈ ಸಾಲು ಬಂತು: 'ಅಂದು ಬಹುಶಃ ಒಂದು ರೀತಿಯಲ್ಲಿ ನನ್ನಿಂದಲೂ ಏನೋ ಚಿಕ್ಕಪುಟ್ಟ ಲೋಪವಾಗಿರಬಹುದು.'

ಅವಳು ನನ್ನ ಕೈಯಿಂದ ಪೆನ್ನು ತೆಗೆದು ಕೆಳಗಿಟ್ಟಳು. "ಪಪ್ಪಾ, ಗಲ್ತಿ ನಿಮ್ಮದಾ, ಇಲ್ವಾ?"

ಸಿಟ್ಟು ನೆತ್ತಿಗೇರಿತು. ಸಭೆಯ ಭಾಷೆ ನಿನಗೇನು ಗೊತ್ತು ಅಂತ ರೇಗಿ ಬಾಲ್ಕನಿಗೆ ಹೋಗಿ ನಿಂತೆ. ಅಲ್ಲಿ ನಿಂತ ಮೇಲೆ ನಾಚಿಕೆಯಾಯಿತು. ಅವಳು ಕೇಳಿದ್ದಕ್ಕೆ ನಾನಿನ್ನೂ ಉತ್ತರ ಕೊಟ್ಟಿರಲಿಲ್ಲ. ವಾಪಸು ಬಂದು, ನನ್ನದೇ ಅಂದೆ. ಆಮೇಲೆ ಒಂದೊಂದೇ ಪದ ಹೊಡೆದೆ. ಕೊನೆಗೆ 'ಬಹುಶಃ'ವನ್ನೂ ಹೊಡೆದೆ.

ಬೀಳ್ಕೊಡುಗೆಯ ದಿನ ಧಣಿಗಳೂ ಹುಡುಗರೂ ಎಲ್ಲ ಕೂತಿದ್ದರು. ಓದಿದೆ.

"ಚೆನ್ನಯಣ್ಣ, ಅಂದು ಹಿಟ್ಟನ್ನು ಫ್ರಿಜ್ಜಿಗೆ ಇಡಿಸಲು ಮರೆತದ್ದು ನಾನು. ಬೈಗುಳ ತಿಂದದ್ದು ನೀವು. ತಪ್ಪಾಯಿತು."

ಚೀಟಿಯಲ್ಲಿ ಮತ್ತೇನೂ ಇರಲಿಲ್ಲ. ಅರ್ಧ ನಿಮಿಷವೂ ಆಗಿರಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಚೆನ್ನಯಣ್ಣ ಕುರ್ಚಿಯಿಂದ ಎದ್ದು ನಿಧಾನಕ್ಕೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಇಷ್ಟು ಹೇಳ್ಲಿಕ್ಕೆ ಹನ್ನೊಂದು ವರ್ಷ ಬೇಕಾಯ್ತಾ, ಮಾರಾಯ?" ಅಂದರು.

ನಾನು ಎಲ್ಲರೆದುರು ಅತ್ತುಬಿಟ್ಟೆ.