ಅಕ್ಕನ ರಕ್ತ

ನನ್ನ ಮೈಯಲ್ಲಿ ಹರಿಯೋದು ಅಕ್ಕನ ರಕ್ತ. ಬಾಯಿಮಾತಿಗೆ ಹೇಳ್ತಿಲ್ಲ, ನಿಜವಾಗ್ಲೂ. ನನಗೆ ರಕ್ತದ ಕ್ಯಾನ್ಸರ್ ಬಂದಾಗ ಡಾಕ್ಟರು ಔಷಧಿ ಹಾಕಿ ನನ್ನ ಮೂಳೆಯೊಳಗಿನ ಮಜ್ಜೆಯನ್ನೆಲ್ಲ ಸುಟ್ಟರು. ಆಮೇಲೆ ಅಕ್ಕನ ಮಜ್ಜೆಯಿಂದ ತೆಗೆದ, ರಕ್ತ ಹುಟ್ಟಿಸೋ ತಾಯಿಕೋಶಗಳನ್ನ ಚೀಲದಲ್ಲಿ ತೂಗುಹಾಕಿ ಹನಿ ಹನಿಯಾಗಿ ಒಳಗೆ ಬಿಟ್ಟರು. ಅವು ನನ್ನ ಮೂಳೆಯಲ್ಲಿ ಮನೆ ಮಾಡ್ಕೊಂಡು ಹೊಸ ರಕ್ತ ಹೆತ್ತವು. ರಕ್ತದ ಗುಂಪೂ ಬದಲಾಯ್ತು. "ಇನ್ನಾದ್ರೂ ನಿನ್ನ ಸಿಡುಕು ಇಳಿಯುತ್ತೇನೋ" ಅಂದ್ಲು ಅಕ್ಕ. ಎಲ್ಲಿ ಇಳಿಯುತ್ತೆ? ಹುಟ್ಟುಗುಣ ಸುಟ್ಟರೂ ಹೋಗಲ್ಲ. ನಾನು ಕಾರು ಕಲಿಸೋನು. ದಿನವಿಡೀ ಪಕ್ಕದ ಸೀಟಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡು ಕೂಗಾಡೋ ಕೆಲಸ.

ಅಕ್ಕ ವಿಜ್ಞಾನಿ. ಅವಳ ಸಂಶೋಧನೆಯೂ ಇದೇ, ರಕ್ತದ ತಾಯಿಕೋಶ ಯಾಕೆ ಕೆಡುತ್ತೆ ಅಂತ. ಇನ್ನು ಅಮ್ಮನನ್ನ ಕೇಳ್ಬೇಕಾ! ಅಂಗಡಿಯವನಿಂದ ಹಿಡಿದು ಲಿಫ್ಟಲ್ಲಿ ಸಿಕ್ಕವರತನಕ "ತಮ್ಮನಿಗೆ ಜೀವ ಕೊಟ್ಟ ಮಗಳು" ಅಂತ ಡಂಗುರ ಸಾರಿದ್ದೇ ಸಾರಿದ್ದು.

ಕೆಲವು ವರ್ಷ ಚೆನ್ನಾಗೇ ಇದ್ದೆ. ಆಮೇಲೆ ಹಲ್ಲುಜ್ಜಿದ್ರೆ ವಸಡಲ್ಲಿ ರಕ್ತ, ಮೆಟ್ಟಿಲು ಹತ್ತಿದ್ರೆ ಏದುಸಿರು. ಶನಿ ಮತ್ತೆ ವಕ್ಕರಿಸ್ತು ಅಂದ್ಕೊಂಡೆ. ಡಾಕ್ಟರು ನನ್ನ ಮಜ್ಜೆ ತೆಗೆದರು, ಅಕ್ಕನೂ ಅದರಲ್ಲೊಂದು ಪಾಲು ತನ್ನ ಲ್ಯಾಬಿಗೆ ಒಯ್ದು ನೋಡಿದ್ಲು.

ಮಾರನೇ ದಿನ ಆಸ್ಪತ್ರೆಗೆ ಬಂದವಳು ಬ್ಯಾಗೂ ಇಳಿಸದೆ ಮಂಚದ ತುದೀಲಿ ಕೂತ್ಲು. "ಹಳೇದು ವಾಪಸ್ ಬಂದಿಲ್ಲ ಕಣೋ. ಕೆಟ್ಟಿರೋ ಕೋಶಗಳೆಲ್ಲ ಹೆಣ್ಣಿನವು. ನನ್ನವು."

ನನಗೆ ತಲೆಬುಡ ಅರ್ಥವಾಗ್ಲಿಲ್ಲ. ಅವಳೇ ಬಿಡಿಸಿ ಹೇಳಿದ್ಲು. ರೋಗಿಯ ರಕ್ತವನ್ನ ಹೋಲಿಸಿ ನೋಡೋಕೆ ಆರೋಗ್ಯವಂತರ ರಕ್ತ ಬೇಕು. ಅದಕ್ಕೆ ಹೊರಗೆ ಯಾರನ್ನ ಹುಡುಕ್ತಾರೆ? ಲ್ಯಾಬಿನವರೇ ಅಂಗಿ ತೋಳು ಮೇಲೆತ್ತಿ ಕೊಡೋದು ವಾಡಿಕೆ. ಅಕ್ಕ ವರ್ಷಗಟ್ಟಲೆ ಕೊಟ್ಟಿದ್ಲು. ಆ ರಕ್ತದ ಜೀನಲ್ಲಿ ಒಂದು ಸಣ್ಣ ತಪ್ಪು, ಕ್ಯಾನ್ಸರಿಗೆ ದಾರಿ ಮಾಡೋ ಅಂಥದ್ದು, ಆಗಾಗ ಕಾಣ್ತಿತ್ತಂತೆ. ರೋಗಿಯ ಟ್ಯೂಬಿಂದ ಸಿಡಿದಿರ್ಬೇಕು ಅಂತ ವಿದ್ಯಾರ್ಥಿಗಳಿಗೆ ಬೈದು, ಎಲ್ಲ ಮತ್ತೆ ತೊಳೆಸಿ, ಆ ಫಲಿತಾಂಶ ಕಸಕ್ಕೆ ಹಾಕಿದ್ಲು. ಅದು ಯಾರಿಂದಲೂ ಸಿಡಿದದ್ದಲ್ಲ, ಅವಳ ರಕ್ತದ್ದೇ ತಪ್ಪು. ಅದೇ ಅವಳ ಕೋಶಗಳ ಜೊತೆ ನನಗೆ ಬಂದು, ನನ್ನೊಳಗೆ ರೋಗವಾಗಿತ್ತು.

"ನಾನೇ ನಿನಗೆ ವಿಷ ಹಾಕ್ದೆ" ಅಂದ್ಲು.

"ಹೌದು, ಹಾಕ್ದೆ!" ಸಿಟ್ಟು ನೆತ್ತಿಗೇರಿತ್ತು. "ಊರವರ ರಕ್ತವನ್ನೆಲ್ಲ ನೋಡ್ತೀಯ, ನಿನ್ನದು ನೋಡೋಕೆ ಕಣ್ಣಿರ್ಲಿಲ್ವಾ? ದೀಪದ ಕೆಳಗೆ ಕತ್ತಲೆ ಅನ್ನೋದು ಸುಮ್ಮನೆ ಅಲ್ಲ."

ಅವಳು ಅಳ್ಲಿಲ್ಲ. ಅತ್ತಿದ್ರೆ ಇನ್ನೊಂದು ನಾಲ್ಕು ಬೈತಿದ್ದೆ. ತಲೆ ತಗ್ಗಿಸಿ ಕೂತಿದ್ಲು, ಆಗ ನನಗೆ ಹೊಳೀತು. ಹಾಳಾದ ಬುದ್ಧಿ, ಎಲ್ಲದಕ್ಕೂ ತಡ.

"ಅಲ್ವೇ, ಅದು ನಿನ್ನ ಮೂಳೇಲೂ ಇದೆಯಲ್ಲ?"

"ಇದೆ."

"ನೋಡಿಸ್ಕೊಂಡ್ಯಾ?"

"ಮೊದಲು ನೀನು ಸರಿಹೋಗು."

"ನನ್ನ ಮೈ ಇನ್ನೊಂದ್ಸಲ ಸುಡೋದನ್ನ ತಡಕೊಳ್ಳಲ್ಲ ಅಂತ ಡಾಕ್ಟರೇ ಹೇಳಿದ್ದಾರೆ. ನಾನಂತೂ ಹೋಗೋನು. ನೀನು ಉಳೀಬೇಕು. ನೋಡಿಸ್ಕೊಳ್ಳೋತನಕ ನಾನು ಒಂದು ಸೂಜೀನೂ ಚುಚ್ಚಿಸ್ಕೊಳ್ಳಲ್ಲ, ಏನ್ಮಾಡ್ತೀಯೋ ಮಾಡು!"

ನನ್ನ ಹಟ ಅವಳಿಗೆ ಗೊತ್ತು. ಹೋಗಿ ಪರೀಕ್ಷೆಗೆ ಮಲಗಿದ್ಲು. ಸೊಂಟದ ಮೂಳೆಯಿಂದ ಮಜ್ಜೆ ತೆಗೆದರು. ಆ ವಾರವೆಲ್ಲ ನಾನು ದೇವರಿಗೆ ಕೈಮುಗಿದಿದ್ದು ನನಗೋಸ್ಕರ ಅಲ್ಲ.

ಅವಳದ್ದು ಇನ್ನೂ ರೋಗ ಆಗಿರ್ಲಿಲ್ಲ. ಆದರೆ ಆ ತಪ್ಪು ಮೊದಲಿನ ಹಾಗೆ ಸಣ್ಣದಾಗಿರ್ಲಿಲ್ಲ, ಬೆಳೆದು ಹರಡಿತ್ತು. ತಡೆಯೋ ಔಷಧಿ ಇಲ್ಲ, ಆಗಾಗ ಪರೀಕ್ಷೆ ಮಾಡಿಸ್ಕೊಂಡು ಕಾಯೋದಷ್ಟೇ. ಇಡೀ ಆಯಸ್ಸು ಅದನ್ನೇ ಓದಿದವಳು, ಅವಳಿಗೆ ಸುಳ್ಳು ಹೇಳಿ ಸಮಾಧಾನ ಮಾಡೋಕೂ ಆಗಲ್ಲ.

"ಅಮ್ಮನಿಗೆ ಹೇಳೋದು ಬೇಡ ಕಣೋ" ಅಂದ್ಲು. "ನಿನ್ನ ಹಳೇ ಕಾಯಿಲೆ ಮರುಕಳಿಸ್ತು ಅಂದ್ಬಿಡೋಣ."

ಡಾಕ್ಟರು ಕೈಚೆಲ್ಲಿದ ಮೇಲೆ ನನ್ನನ್ನ ಮನೆಗೆ ಕರ್ಕೊಂಡು ಬಂದರು. ಹಾಲು ಕುಡಿಸೋಕೆ ಬಂದ ಅಮ್ಮ ಲೋಟ ಕೆಳಗಿಟ್ಟು, ಗೋಡೆಗೊರಗಿ ನಿಂತಿದ್ದ ಅಕ್ಕನನ್ನ ತಬ್ಕೊಂಡ್ಲು.

"ನೀನು ನಿನ್ನ ಕೈಲಾದ್ದು ಮಾಡಿದೆ ಮಗಳೇ. ಇವನ ಹಣೇಲಿ ಬರೆದಿರ್ಲಿಲ್ಲ. ನೀನೊಬ್ಬಳಾದ್ರೂ ಗಟ್ಟಿಯಾಗಿದೀಯಲ್ಲ, ನನಗಷ್ಟು ಸಾಕು."

ಅಕ್ಕ ಅಮ್ಮನ ಹೆಗಲ ಮೇಲಿಂದ ನನ್ನನ್ನೇ ನೋಡ್ತಿದ್ಲು.

"ಹೌದಮ್ಮ" ಅಂದೆ. "ಅಕ್ಕ ಗಟ್ಟಿ."