ಅಂಜಬುರುಕ ಕುರಿಯ ಹಾಡು

ಪಿರನವಾಡಿ ದಾಟಿದ ಮೇಲೆ ಟೆಂಪೊ ತಗ್ಗಿಗೆ ಬಿತ್ತು. ಹೆಣದ ತಲೆ ಹಲಗೆಗೆ ಬಡಿಯದಂತೆ ಭರಮವ್ವ ಎರಡೂ ಅಂಗೈಗಳನ್ನು ಅಡಿಗೆ ಕೊಟ್ಟಳು. ಬದುಕಿದ್ದಾಗ ಗಂಡನ ತಲೆಯನ್ನು ಇಷ್ಟು ಹೊತ್ತು ಹೀಗೆ ಹಿಡಿದದ್ದು ಅವಳಿಗೆ ನೆನಪಿರಲಿಲ್ಲ. ಕೆಮ್ಮಿ ಕೆಮ್ಮಿ ಸವೆದಿದ್ದ ಬಂಡೆಪ್ಪ ಕರಿ ಕಂಬಳಿಯೊಳಗೆ ಇದ್ದಾನೋ ಇಲ್ಲವೋ ಅನ್ನುವಷ್ಟು ಹಗುರಾಗಿದ್ದ.

ಎದುರಿಗೆ ಶಹಾಪುರದ ನಾಲ್ಕಾರು ನೇಕಾರರು ಮೊಣಕಾಲು ಮಡಚಿ ಕೂತಿದ್ದರು. ಬಂಡೆಪ್ಪ ದುಡಿದ ಪವರ್‌ಲೂಮಿನ ಮಾಲೀಕ ಗುರುಪಾದಪ್ಪ ಅರ್ಧ ದಿನ ಮಗ್ಗ ನಿಲ್ಲಿಸಿ ಇವರನ್ನು ಮಣ್ಣಿಗೆ ಕಳಿಸಿದ್ದ. ಹಬ್ಬಕ್ಕೂ ಮಗ್ಗ ನಿಲ್ಲಿಸದ ಮನುಷ್ಯನಿಗೆ ಇವತ್ತು ಆ ಬುದ್ಧಿ ಎಲ್ಲಿಂದ ಬಂತೋ. ಹೊರಡುವಾಗ ಮಾತ್ರ, ನೀವಿರುವ ಮಗ್ಗದ ಹಿಂದಿನ ಖೋಲಿ ಹೊಸ ಆಳಿಗೆ ಬೇಕು, ಸಾಮಾನು ತೆಗೆಯಿರಿ ಎಂದು ಹೇಳಲು ಮರೆತಿರಲಿಲ್ಲ.

"ಯವ್ವ, ದೊಡ್ಡಪ್ಪ ಕೇಳಿದ್ರ ಏನ್ ಹೇಳ್ತಿ?" ಮಗಳು ಸಿದ್ದಕ್ಕ ಪಿಸುಗುಟ್ಟಿದಳು.

"ಏನ್ ಕೇಳ್ತಾರ?"

"ಅಪ್ಪನ ಹಾಡಿನ ಸುದ್ದಿ."

ಭರಮವ್ವ ಒಂದು ಕೈ ತೆಗೆದು ಮಗಳ ಬಾಯಿ ಮುಚ್ಚಿದಳು.

ಹೂಳುವ ಕುಣಿಯ ಮುಂದೆ ನಿಂತು ಆ ಹಾಡನ್ನು ಬಾಯಿಬಿಟ್ಟು ಹೇಳುತ್ತೇನೆಂದು ಗಂಡನಿಗೆ ಮಾತು ಕೊಟ್ಟಿದ್ದಳು. ಆ ಹಾಡು ಕಿವಿಗೆ ಬಿದ್ದರೆ ತನ್ನ ಹೊಲದಲ್ಲಿ ಹೆಣಕ್ಕೆ ಜಾಗವಿಲ್ಲ, ತನ್ನ ಮನೆಯಲ್ಲಿ ನಿಮಗೆ ಜಾಗವಿಲ್ಲ ಎಂದು ಗಂಡನ ಅಣ್ಣ ಬೀರಣ್ಣ ಬಹಳ ಹಿಂದೆಯೇ ಹೇಳಿಬಿಟ್ಟಿದ್ದ. ಇತ್ತ ಶಹಾಪುರದ ಖೋಲಿಯೂ ಹೋಯಿತು. ಹೇಳಿದರೆ ಮದುವೆಗೆ ಬಂದ ಮಗಳನ್ನು ಕಟ್ಟಿಕೊಂಡು ಯಾವ ಬಾಗಿಲಿಗೆ ಹೋಗುವುದು? ಹೇಳದಿದ್ದರೆ ಸತ್ತವನಿಗೆ ಏನು ಉತ್ತರ? ಟೆಂಪೊ ಖಾನಾಪುರದ ಕಡೆಗೆ ಓಡುತ್ತಿತ್ತು.

*

ಬಂಡೆಪ್ಪ ಹುಟ್ಟಿನಿಂದ ಕುರಿ ಕಾಯುವವನು. ಮೀಸೆ ಮೂಡುವ ವಯಸ್ಸಿನಲ್ಲಿ ಅಡವಿಯ ಅಂಚಿನಲ್ಲಿ ಮಂದೆಗೆ ತೋಳ ನುಗ್ಗಿದಾಗ ಬಡಿಗೆ ಒಗೆದು ಮರ ಏರಿ ಕೂತ. ಕೆಳಗೆ ಕುರಿಗಳು ಒದರುತ್ತಿದ್ದರೂ ಕಣ್ಣು ಮುಚ್ಚಿಕೊಂಡೇ ಇದ್ದ. ಅಣ್ಣ ಹೊಡೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೀರಣ್ಣ ಹೊಡೆಯಲಿಲ್ಲ, ಕಟ್ಟೆಯ ಮೇಲೆ ಕೂತು ಇದನ್ನು ಊರಿಗೆಲ್ಲ ನಗುನಗುತ್ತ ಹೇಳಿದ. ಅವತ್ತಿನಿಂದ ತಮ್ಮನಿಗೆ 'ಅಂಜಬುರುಕ ಬಂಡ್ಯಾ' ಎಂಬ ಹೆಸರು ಅಂಟಿತು. ಹೆಂಡತಿಯಾಗಿ ಬಂದ ಭರಮವ್ವನಿಗೂ ಬಾವಿಯ ಹತ್ತಿರ ಮೊದಲು ಸಿಕ್ಕಿದ್ದು ಆ ಹೆಸರೇ. ಆ ನಗೆ ತಾಳಲಾರದೆ ಬಂಡೆಪ್ಪ ಊರು ಬಿಟ್ಟು ಶಹಾಪುರಕ್ಕೆ ಹೋಗಿ ಮಗ್ಗ ಕಲಿತ.

ಒಂದು ಸಲ ಊರಿಗೆ ಹೊರಟವನು ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ. ಬೇವಿನ ಮರದ ಕೆಳಗೆ ಒಬ್ಬ ಮುದುಕ ತಗಡಿನ ತುತ್ತೂರಿ ಬಾಯಿಗೆ ಹಿಡಿದು ಒಮ್ಮೆ ಮರಾಠಿಯಲ್ಲಿ, ಒಮ್ಮೆ ಕನ್ನಡದಲ್ಲಿ ಯೇಸುವಿನ ಕತೆ ಹೇಳುತ್ತಿದ್ದ. ಕಳೆದುಹೋದ ಒಂದೇ ಕುರಿಗಾಗಿ ಉಳಿದ ಮಂದೆಯನ್ನೆಲ್ಲ ಬಿಟ್ಟು ಹೋದ ಕುರುಬನ ಕತೆ. ಬಂಡೆಪ್ಪನಿಗೆ ನಗು ತಡೆಯಲಾಗಲಿಲ್ಲ.

"ಅಂವ ಕುರುಬ ಅಲ್ಲರೀ ಅಜ್ಜಾರ, ಹುಚ್ಚ. ಒಂದರ ಹಿಂದ ಹೋದ್ರ ಉಳದದ್ದನ್ನ ತೋಳ ಬಿಡ್ತೈತೇನು?"

ಮುದುಕ ತುತ್ತೂರಿ ಕೆಳಗಿಳಿಸಿದ. "ಖರೇ ಐತಿ ತಮ್ಮಾ, ಹುಚ್ಚನ. ತಪ್ಪಿಸ್ಕೊಂಡ ಆ ಕುರಿ ನೀನ ಆಗಿದ್ರ?"

ಬಂಡೆಪ್ಪ ಮುದುಕನ ಮುಂದೆ ಕೂತು ಕೇಳುತ್ತ ಆ ದಿನದ ಬಸ್ಸು ತಪ್ಪಿಸಿಕೊಂಡ. ತೋಳ ಕಂಡು ಓಡದ ಒಬ್ಬ ಕುರುಬನಿದ್ದಾನೆ, ಓಡಿಹೋದವನನ್ನೂ ಹುಡುಕಿಕೊಂಡು ಬರುತ್ತಾನೆ ಅನ್ನುವ ಮಾತು ಅವನ ಎದೆಯಲ್ಲಿ ಕೂತುಬಿಟ್ಟಿತು. ಅದನ್ನು ಭರಮವ್ವನೊಬ್ಬಳಿಗೆ ಹೇಳಿದ. ಕ್ರೈಸ್ತನಾಗುವ ದೀಕ್ಷೆಯ ನೀರು ಮಾತ್ರ ಕೊನೆಯವರೆಗೂ ತಗೊಳ್ಳಲಿಲ್ಲ, ಅಣ್ಣನ ಹೆದರಿಕೆ. ರವಿವಾರ ಪ್ರಾರ್ಥನೆಯ ಹೊತ್ತಿಗೆ ಚರ್ಚಿನ ಕಾಂಪೌಂಡಿನ ಹೊರಗೆ ಸೈಕಲ್ ಪಂಕ್ಚರ್ ಆದವನಂತೆ ಬಗ್ಗಿ ಕೂತಿರುತ್ತಿದ್ದ. ಅಷ್ಟೇ ಅವನ ಧೈರ್ಯ.

*

ಬೀರಣ್ಣ ಅಂಗಳದಲ್ಲಿ ಡೊಳ್ಳು ಹೆಗಲಿಗೆ ಹಾಕಿಕೊಂಡೇ ನಿಂತಿದ್ದ. ಹೆಣ ಇಳಿಸಿದ ಕೂಡಲೇ ತಮ್ಮನ ಹಣೆಗೆ, ಎದೆಗೆ ಕುಲದೇವರು ಬೀರಪ್ಪನ ಭಂಡಾರದ ಅರಿಶಿನ ಮೆತ್ತಿದ. ಅಂಗೈಯೆಲ್ಲ ಹಳದಿಯಾಯಿತು. ಆಮೇಲೆ ಎದ್ದು, ಭರಮವ್ವನನ್ನು ಗೋಡೆಯ ಬಾಜುವಿಗೆ ಕರೆದ.

"ಸಾಯೂ ಮುಂದ ಏನರ ಅಂದಾನೇನು?"

"ಏನೂ ಇಲ್ಲರೀ ಭಾವಾರ."

"ಊರ ಮಂದಿ ನೆರದಾರ. ಇಲ್ಲಿ ಬೀರಪ್ಪನ ಡೊಳ್ಳು ಬಿಟ್ಟು ಬ್ಯಾರೆ ಏನೂ ಕೇಳಬಾರದು. ನಾ ಒಮ್ಮೆ ಹೇಳೇನಿ, ತಿರಗಿ ಹೇಳಾಂವ ಅಲ್ಲ. ಆ ಹೆಸರು ನಿನ್ನ ಬಾಯಾಗ ಬಂತಂದ್ರ ಹೆಣ ಮ್ಯಾಲ ತಗಸ್ತೀನಿ. ನೀನೂ ಆತು, ನಿನ್ನ ಮಗಳೂ ಆತು, ಬಂದ ಗಾಡ್ಯಾಗ ಹೋಗೂದ."

"ಹೂಂರೀ," ಎಂದಳು ಭರಮವ್ವ.

ನಾಗಲಿಂಗ ಎಂಬ ನೇಕಾರ ನೀರಿನ ತಂಬಿಗೆ ತಂದುಕೊಟ್ಟ. ಬಂಡೆಪ್ಪನ ಎದುರಿನ ಮಗ್ಗ ಅವನದು. "ಕುಡೀರಿ ವೈನಿ. ಅವರು ಅಂದದ್ದು ತಿಳೀತು ನನಗ."

"ಅಷ್ಟು ದೂರ ನಿಂತಿದ್ದಿರಿ, ಹೆಂಗ ಕೇಳಿಸ್ತು?"

"ಕೇಳಿಸ್ಲಿಲ್ಲ. ನೋಡಿದೆ." ನಾಗಲಿಂಗ ತನ್ನ ತುಟಿ ಮುಟ್ಟಿ ತೋರಿಸಿದ. "ಮಗ್ಗದ ಗದ್ದಲದಾಗ ನಾವು ಹಿಂಗ ಅಲ್ಲೇನ್ರಿ ಮಾತಾಡೂದು? ಬಂಡೆಪ್ಪಣ್ಣನ ಹಾಡೂ ಹಂಗ. ಮೊದಲಿಂದ ನಮಗೆಲ್ಲಾ ಬರ್ತೈತಿ. ಅದನ್ನ ಅಂವಗ ಮಾತ್ರ ನಾವು ಹೇಳಲಿಲ್ಲ."

*

ಹಾಡು ಅಂದರೆ ಅದು ಹಾಡೂ ಅಲ್ಲ. ರಾಗವಿಲ್ಲ, ಎಳೆತವಿಲ್ಲ. ಮಾತನ್ನು ತಾಳದ ಪೆಟ್ಟಿಗೆ ಸರಿಯಾಗಿ ಒಗೆಯುವುದು, ಅಷ್ಟೇ. ಲಾಳಿ ಆ ಕಡೆ ಈ ಕಡೆ ಹಾರಿ ಮಗ್ಗ ಖಟ್ ಖಟಾ ಖಟ್ ಎಂದು ಬಡಿಯುವಾಗ ಬಂಡೆಪ್ಪನಿಗೆ ಚಿಕ್ಕಂದಿನಲ್ಲಿ ಅಣ್ಣ ಕಲಿಸಿದ ಡೊಳ್ಳಿನ ಪೆಟ್ಟು ಕೇಳಿಸಿತು. ಅದರ ಮೇಲೆ ತನ್ನ ಮಾತು ಕೂಡಿಸಿದ. ಎದೆಯಲ್ಲಿ ಕೂತದ್ದು ಮಗ್ಗದ ಮುಂದೆ ಹೊರಬಿತ್ತು. ಅಷ್ಟು ಗದ್ದಲದಲ್ಲಿ ಯಾರಿಗೆ ಕೇಳೀತು ಎಂದು ಗಂಟಲು ಹರಿಯುವಂತೆ ಒದರುತ್ತಿದ್ದ. ದಿನವಿಡೀ ಬೇರೆಯವರ ತುಟಿ ನೋಡಿ ಮಾತು ತಿಳಿಯುವವನಿಗೆ ತನಗೂ ತುಟಿ ಇವೆ ಎಂಬುದು ಮರೆತೇಹೋಗಿತ್ತು.

ತುರ್ತುಪರಿಸ್ಥಿತಿಯ ವರ್ಷ. ನಡುಮಧ್ಯಾಹ್ನ ಭರಮವ್ವ ಬುತ್ತಿ ತಗೊಂಡು ಮಗ್ಗದ ಬಾಗಿಲಿಗೆ ಬಂದಿದ್ದಳು. ಹೇಳದೆ ಕೇಳದೆ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ಮೌನದೊಳಗೆ ಒಬ್ಬನೇ ಒಬ್ಬನ ದನಿ ತಗಡಿನ ಚಾವಣಿಗೆ ಬಡಿಯಿತು:

"ಯೇಸು ನನ್ನ ಕುರುಬಾ, ಯೇಸು ನನ್ನ ದಾರಿ,
ಅಂಜಬುರುಕ ಕುರಿ ನಾ..."

ಅಲ್ಲಿಗೆ ಬಂಡೆಪ್ಪ ಬಾಯಿ ಮುಚ್ಚಿದ. ಉಳಿದರ್ಧ ಸಾಲು ಒಳಗೇ ಉಳಿಯಿತು. ಅವನ ಮುಖ ಹಿಂಜಿದ ಹತ್ತಿಯಂತೆ ಬೆಳ್ಳಗಾದದ್ದನ್ನು ಭರಮವ್ವ ಬಾಗಿಲಿನಿಂದಲೇ ನೋಡಿದಳು. ಯಾರೂ ನಗಲಿಲ್ಲ, ಯಾರೂ ಬೈಯಲಿಲ್ಲ. ನಾಗಲಿಂಗ ಬೀಡಿ ಹಚ್ಚಿದ, ಗುರುಪಾದಪ್ಪ ಕರೆಂಟಿನವರಿಗೆ ಶಾಪ ಹಾಕಿದ. ಆದರೆ ಬೀದಿಯಲ್ಲಿ ಹೋಗುತ್ತಿದ್ದ ಬೀರಣ್ಣನ ಊರಿನವನೊಬ್ಬ ಕೇಳಿಸಿಕೊಂಡಿದ್ದ. ಸಂತೆಯಿಂದ ಸಂತೆಗೆ ಸುದ್ದಿ ಖಾನಾಪುರ ಮುಟ್ಟಿತು. ಬೀರಣ್ಣ ಮರುವಾರವೇ ಶಹಾಪುರಕ್ಕೆ ಬಂದು, ಖೋಲಿಯ ಹೊಸ್ತಿಲು ತುಳಿಯದೆ ಹೊರಗೇ ನಿಂತು ಹೇಳಬೇಕಾದ್ದನ್ನು ಹೇಳಿ ಹೋದ.

ಆಮೇಲೆ ಬಂಡೆಪ್ಪ ದನಿ ತೆಗೆಯಲಿಲ್ಲ. ಮಗ್ಗದ ಮುಂದೆ ಬರೀ ತುಟಿ ಆಡಿಸುತ್ತಿದ್ದ. ಕೊನೆಗೆ, ಕೆಮ್ಮು ಮಾತಿಗೆ ಬಿಡುವು ಕೊಡದಂತಾದಾಗ, ಹೆಂಡತಿಯನ್ನು ಹತ್ತಿರ ಕರೆದು ಪೂರಾ ಹಾಡನ್ನು ಅವಳ ಕಿವಿಯಲ್ಲಿ ಹೇಳಿದ. ಉಳಿದರ್ಧ ಸಾಲನ್ನೂ ಹೇಳಿದ.

"ಜೀವಮಾನ ಪೂರಾ ಮುಚ್ಚಿಟ್ಟು ಹೇಳಿದೆ ಭರಮಿ. ಒಮ್ಮೆ ಬಯಲಾಗ ಆಗ್ಲಿ. ಊರ ಮುಂದ. ನನ್ನ ಕಡಿಂದ ಆಗೂದಿಲ್ಲ, ನೀ ಹೇಳ್ತಿ?"

ಸಾಯುವವನ ಮುಂದೆ ಹೂಂ ಅನ್ನುವುದು ಸುಲಭ. ಭರಮವ್ವ ಹೂಂ ಅಂದಿದ್ದಳು.

*

ಬೀರಣ್ಣನ ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ಡೊಳ್ಳು ಮುಂದೆ, ಹೆಣ ಹಿಂದೆ. ಊರಿನ ನಾಲ್ಕು ಡೊಳ್ಳುಗಳಿಗೆ ಬೀರಣ್ಣನದೇ ಮುಖ್ಯ ಪೆಟ್ಟು. ಬಾರಿಸುತ್ತ ಅಳುತ್ತಿದ್ದ, ಕೈ ಮಾತ್ರ ಲೆಕ್ಕ ತಪ್ಪುತ್ತಿರಲಿಲ್ಲ. ಆ ಸದ್ದಿಗೆ ಭರಮವ್ವನ ಎದೆಗೂಡೇ ಅದುರುತ್ತಿತ್ತು. ಆಗ ಅವಳಿಗೊಂದು ಉಪಾಯ ಹೊಳೆಯಿತು. ಈ ಗದ್ದಲದೊಳಗೇ ಹೇಳಿ ಮುಗಿಸಿಬಿಡಬೇಕು. ಬಾಯಿಬಿಟ್ಟು ಹೇಳಿದಂತೆಯೂ ಆಯಿತು, ಯಾರಿಗೂ ಕೇಳದಂತೆಯೂ ಆಯಿತು. ಅವಳ ತವರಿನ ಕಡೆ ಮಣ್ಣು ಮುಚ್ಚಿ ಎಲ್ಲರೂ ತಿರುಗುವವರೆಗೂ ಡೊಳ್ಳು ನಿಲ್ಲುವುದಿಲ್ಲ. ಸಮಯ ಬೇಕಾದಷ್ಟಿದೆ.

ಹೆಣವನ್ನು ಕುಣಿಗೆ ಇಳಿಸಿದರು. ಸಿದ್ದಕ್ಕ ತಾಯಿಯ ಸೆರಗು ಹಿಡಿದು ಬಿಕ್ಕುತ್ತಿದ್ದಳು. ಭರಮವ್ವ ತಲೆ ಬಗ್ಗಿಸಿ, ಡೊಳ್ಳಿನ ಪೆಟ್ಟು ಹಿಡಿದು ಶುರು ಮಾಡಿದಳು.

"ಕುರಿ ಕಾಯೂ ಕುರುಬಾ, ಓಡಿ ಹೋದೆ ನಾ,
ತೋಳ ಕಂಡು ಮರಾ ಏರಿ ಕುಂತೆ ನಾ,
ಓಡದಾಂವ ಒಬ್ಬಾನ, ಜೀವಾ ಕೊಟ್ಟಾಂವ,
ಮೊಳಿ ಬಡದ ಕೈಲೆ ನನ್ನ ಎತ್ತಿಕೊಂಡಾಂವ..."

ಮಾತು ಪೆಟ್ಟಿಗೆ ಎಷ್ಟು ಸರಿಯಾಗಿ ಕೂತಿತೆಂದರೆ ಅವಳ ದನಿ ತಾನಾಗಿಯೇ ಏರಿತು. ಅತ್ತ ಬೀರಣ್ಣ ಒಂದು ಕೈಯಿಂದ ಬಾರಿಸುತ್ತಲೇ ಬಗ್ಗಿ ಮೊದಲ ಹಿಡಿ ಮಣ್ಣು ತೆಗೆದುಕೊಂಡ. ಈ ಊರಿನ ರೂಢಿ ಬೇರೆ. ಮೊದಲ ಮಣ್ಣು ಬಿದ್ದ ಕೂಡಲೇ ಡೊಳ್ಳು ನಿಲ್ಲಬೇಕು. ಮಣ್ಣು ಬಿತ್ತು. ನಾಲ್ಕೂ ಡೊಳ್ಳು ಒಮ್ಮೆಲೇ ನಿಂತವು.

"...ಯೇಸು ನನ್ನ ದಾರಿ,
ಅಂಜಬುರುಕ ಕುರಿ ನಾ..."

ಹೊಲದ ತುಂಬ ಅವಳೊಬ್ಬಳದೇ ದನಿ. ಭರಮವ್ವನ ಬಾಯಿ ತಾನಾಗಿ ಮುಚ್ಚಿಕೊಂಡಿತು. ಗಂಡ ನಿಲ್ಲಿಸಿದ ಜಾಗದಲ್ಲೇ ಅವಳೂ ನಿಂತಿದ್ದಳು.

"ಕಾಯ್ ಮ್ಹಣಾಲೀ ತೀ?" ಭರಮವ್ವ ಏನಂದಳೆಂದು ಪಕ್ಕದ ಹೊಲದ ಮರಾಠಿ ಮುದುಕಿ ಬಾಜುವಿನವರನ್ನು ಕೇಳಿದಳು.

ಬೀರಣ್ಣ ನಿಧಾನವಾಗಿ ತಿರುಗಿದ. ಅವನ ಕೈಯಲ್ಲಿ ಡೊಳ್ಳಿನ ಗುಣಿ ಇತ್ತು, ಬಾರಿಸುವ ಆ ದಪ್ಪ ಕೋಲು. ಗುಣಿ ಮೇಲೆದ್ದಿತ್ತು. ಮಂದಿ ದಾರಿ ಬಿಟ್ಟು ಸರಿದರು.

"ದೊಡ್ಡಪ್ಪಾ, ಬ್ಯಾಡರೀ!" ಸಿದ್ದಕ್ಕ ಚೀರಿದಳು.

ಭರಮವ್ವನಿಗೆ ತಪ್ಪಾಯಿತೆಂದು ಕುಣಿಯ ಅಂಚಿನಲ್ಲೇ ಬಿದ್ದುಬಿಡೋಣ ಅನ್ನಿಸಿತು. ಹಾಗೆ ಬೀಳುವ ಮೊದಲು ತಲೆ ಎತ್ತಿದಳು. ಕುಣಿಯ ಆಚೆ ಶಹಾಪುರದವರು ನಿಂತಿದ್ದರು. ನಾಗಲಿಂಗನ ತುಟಿ ಆಡುತ್ತಿತ್ತು, ದನಿಯಿರಲಿಲ್ಲ. ಅವನ ಬಾಜುವಿನವನ ತುಟಿಯೂ ಆಡುತ್ತಿತ್ತು, ಅವನಾಚೆಯವನದೂ. ಎಲ್ಲ ತುಟಿಗಳೂ ಒಂದೇ ಮಾತನ್ನು ಆಡುತ್ತಿದ್ದವು. ಮಗ್ಗದ ಕೆಲಸ ಗೊತ್ತಿಲ್ಲದ ಭರಮವ್ವನಿಗೂ ಅದು ಯಾವ ಮಾತೆಂದು ತಿಳಿಯಿತು.

ಅವಳು ಕಣ್ಣು ಮುಚ್ಚಲಿಲ್ಲ. ಬೀರಣ್ಣನ ಗುಣಿಯನ್ನೇ ನೋಡುತ್ತ, ಪೆಟ್ಟು ತಪ್ಪದಂತೆ ಹೇಳಿದಳು.

"ಅಂಜಬುರುಕ ಕುರಿ ನಾ, ಆದ್ರೂ ಅವನ ಕುರಿ."

ಬೀರಣ್ಣ ಅವಳ ಮುಂದೆ ಬಂದು ನಿಂತ. ಹಾಡಿನ ಸುದ್ದಿ ಮಾತ್ರ ಕೇಳಿದ್ದವನು ಹಾಡನ್ನು ಇವತ್ತೇ ಕೇಳಿದ್ದ.

"ಅಂಜಬುರುಕ ಅಂತ ಅಂವನ ಅಂದಾನೇನು?" ಬೀರಣ್ಣ ಕೇಳಿದ. "ತನ್ನ ಹಾಡಿನ್ಯಾಗ? ತಾನ?"

"ಹೂಂರೀ ಭಾವಾರ."

ಬೀರಣ್ಣ ಕುಣಿಯ ಕಡೆ ನೋಡಿದ. ಗುಣಿ ಇನ್ನೂ ಮೇಲೇ ಇತ್ತು. ಭರಮವ್ವ ಮಗಳನ್ನು ಬೆನ್ನ ಹಿಂದೆ ಎಳೆದುಕೊಂಡಳು. ಹೆದರಿಕೆ ಹೋಗಿರಲಿಲ್ಲ, ಹಲ್ಲು ಕಟಕಟಿಸುತ್ತಿದ್ದವು. ಆ ಹಲ್ಲುಗಳ ನಡುವಿನಿಂದಲೇ ಹಾಡನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡಳು.

"ಕುರಿ ಕಾಯೂ ಕುರುಬಾ, ಓಡಿ ಹೋದೆ ನಾ..."

ಅವಳ ದನಿ ತಾಗಿ ಬೀರಣ್ಣನ ಡೊಳ್ಳು ಸಣ್ಣಗೆ ಗುಂಯ್‌ಗುಡುತ್ತಿತ್ತು. ಅವನು ಗುಣಿಯನ್ನು ಕಂಕುಳಿಗೆ ಸಿಕ್ಕಿಸಿದ. ಭಂಡಾರ ಮೆತ್ತಿದ ಹಳದಿ ಅಂಗೈಯನ್ನು ಡೊಳ್ಳಿನ ಚರ್ಮದ ಮೇಲೆ ಊರಿ, ಆ ಸದ್ದನ್ನೂ ನಿಲ್ಲಿಸಿದ. ಅವಳು ಕೊನೆಯ ಸಾಲು ಮುಟ್ಟುವವರೆಗೂ ಆ ಕೈ ಅಲ್ಲಿಂದ ತೆಗೆಯಲಿಲ್ಲ.